ಕಡವೆಯ ಹೊಟ್ಟೆಯೊಳಗಿನ ಮರಿ

ಗವಿಕೊಪ್ಪ, ಸಾಗರ ತಾಲ್ಲೂಕು
8 ಆಗಸ್ಟ್ 2025

ತಂಗಿ ಶರಾವತಿಗೆ,

ಮೊನ್ನೆ ಮಧ್ಯಾಹ್ನ ಊಟ ಮಾಡಿ ಮಲಗಿದವನಿಗೆ ಒಂದು ಕೆಟ್ಟ ಕನಸು ಬಿತ್ತು. ಕಡವೆಗವಿಯ ಗೋಡೆಯ ಮೇಲಿನ ಆ ಬಸುರಿ ಕಡವೆ ಗೋಡೆಯಲ್ಲಿ ನಿಂತಲ್ಲೇ ಈಯುತ್ತಿತ್ತು. ಹೊಟ್ಟೆಯೊಳಗೆ ಬರೆದ ಮರಿ ಜಾರಿ ಕೆಳಗೆ ಬಿತ್ತು. ಕೆಳಗೆ ನೆಲವೆಲ್ಲ ಬಾವಲಿ ಹಿಕ್ಕೆ. ಮರಿ ಅದರಲ್ಲಿ ಹೊರಳಿ ಹೊರಳಿ, ಕೆಂಪು ಬಣ್ಣ ಕರಗಿ, ಹಳಸಿದ ಗೊಜ್ಜಿನ ಹಾಗೆ ಹರಿದು ಬಂದು ನನ್ನ ಕಾಲ್ಬೆರಳ ಸಂದಿಗೆ ಸೇರಿತು. ಎದ್ದವನೇ ಬಚ್ಚಲಿಗೆ ಹೋಗಿ ಕಾಲು ತೊಳೆದೆ. ಸಂಜೆ ಇನ್ನೊಂದು ಸಲ ತೊಳೆದೆ. ನೀನು ನಗುತ್ತೀಯ. ನಗು.

ನಿನ್ನ ಕ್ಯಾಂಪಿಗೆ ಫೋನು ಸಿಗುವುದಿಲ್ಲ. ಸಿಕ್ಕಿದರೂ ಹೇಳಬೇಕಾದ್ದು ನನಗೆ ನೆನಪಾಗುವುದು ಫೋನು ಇಟ್ಟ ಮೇಲೆ. ಅದಕ್ಕೇ ಬರೆಯುತ್ತಿದ್ದೇನೆ. ಒಂಬತ್ತನೇ ಕ್ಲಾಸಿನ ಅಕ್ಷರ, ತಪ್ಪಿದ್ದರೆ ತಿದ್ದಿಕೊಂಡು ಓದು.

ಹೊಳೆಬಾಗಿಲಿಗೆ ಸೇತುವೆ ಆದ ಸುದ್ದಿ ನಿನಗೂ ಗೊತ್ತು. ಲಾಂಚು ಮುಳುಗುತ್ತದೆ ಎಂದು ಹೆದರಿ ಹೊಳೆಯಾಚೆಯ ಶಾಲೆಯನ್ನೇ ಬಿಟ್ಟವನು ನಾನು. ಸೇತುವೆ ಆದ ದಿನ ಊರಲ್ಲಿ ಎಲ್ಲರಿಗಿಂತ ಹೆಚ್ಚು ಖುಷಿ ಪಟ್ಟವನೂ ನಾನೇ. ಈಗ ಅನ್ನಿಸುತ್ತದೆ, ಹೊಳೆಯೇ ನಮಗೆ ಬೇಲಿಯಾಗಿತ್ತು. ಕಾಂತರಾಜ್ ನೆನಪಿದ್ದಾನಲ್ಲ, ಅಡಿಕೆ ತೋಟಗಳಿಗೆ ಕೊಳೆರೋಗದ ಔಷಧಿ ಹೊಡೆಯುವವನು. ಅವನು ಒಂದು ಹಳೆ ಜೀಪು ತಂದು ಬಂದವರನ್ನೆಲ್ಲ ಗವಿಗೆ ಹೊತ್ತು ಹಾಕುತ್ತಿದ್ದಾನೆ. ಬಂದವರು ಏನು ಮಾಡಿ ಹೋಗುತ್ತಾರೆ ಅಂತ ಬರೆಯಲು ಕೈ ಬರುವುದಿಲ್ಲ. ಆದರೂ ಬರೆಯುತ್ತೇನೆ, ನಿನಗೆ ಗೊತ್ತಿರಲಿ. ಗವಿಯ ಬಾಯಿಯ ಎಡಗಡೆ ಉಚ್ಚೆ ಹೊಯ್ದು ಹೊಯ್ದು ಕಲ್ಲಿನ ಬಣ್ಣವೇ ಬೇರೆಯಾಗಿದೆ. ಬಲಗಡೆ ಗುಟ್ಕಾದ ಉಗುಳು ಕಲ್ಲಿನಿಂದ ಇಳಿದು, ಇಳಿದಲ್ಲೇ ಒಣಗಿದೆ. ಚಿತ್ರ ನೋಡಲು ಬಂದವಳೊಬ್ಬಳು, ದೂರದಿಂದ ಆ ಉಗುಳನ್ನೇ ತೋರಿಸಿ, "ಇದೇನಾ ಆದಿಮಾನವರ ಪೇಂಟಿಂಗು" ಎಂದು ಕೇಳಿದಳು. ಫೋಟೋ ಕೂಡ ಹೊಡೆದುಕೊಂಡಳು. ಕಾಂತರಾಜನಿಗೆ ಬೈದರೆ ಅವನು, "ರವಿಯಣ್ಣ, ಜನ ಅಂದ್ಮೇಲೆ ಉಗೀತಾರೆ. ನೀವ್ಯಾಕ್ ಎಲ್ಲರ ಬಾಯಿ ಕಾಯ್ಕಂಡ್ ಕೂತ್ಕೀರಿ" ಅನ್ನುತ್ತಾನೆ.

ಇಷ್ಟಾಗಿದ್ದರೆ ಕನಸು ಬೀಳುತ್ತಿರಲಿಲ್ಲ. ಕಡವೆಯ ಹಿಂಗಾಲಿನ ಹತ್ತಿರ ಬಿಳಿ ಬೂಷ್ಟು ಬಂದಿದೆ. ನಾನು ಗವಿಯ ಬಾಯಿಯಲ್ಲೇ ನಿಂತು ಬ್ಯಾಟರಿ ಬಿಟ್ಟು ನೋಡಿದೆ. ಹತ್ತಿಯ ಹಾಗೆ ಮೃದುವಾಗಿ, ಅಂಚಿನಲ್ಲಿ ಹಳದಿ. ಉಪ್ಪಿನಕಾಯಿ ಭರಣಿಯಲ್ಲಿ ಒಂದು ಹನಿ ನೀರು ಬಿದ್ದರೆ ಬರುತ್ತದಲ್ಲ, ಅದೇ. ಹತ್ತಿರದಲ್ಲೆಲ್ಲೋ ಹುಳಿ ವಾಸನೆ. ಯಾರೋ ಕುಡಿದು ಕಕ್ಕಿ ಹೋಗಿರಬೇಕು. ಆಮೇಲೆ ಮನೆಗೆ ಬಂದು ಮಾರಲು ಹಾಕಿಟ್ಟ ನನ್ನ ಭರಣಿಗಳನ್ನೆಲ್ಲ ಮುಚ್ಚಳ ತೆಗೆದು ನೋಡಿದೆ. ಮಾವಿನಮಿಡಿ ಸರಿಯಾಗಿದೆ. ಆದರೂ ಆ ದಿನ ಅನ್ನಕ್ಕೆ ಉಪ್ಪಿನಕಾಯಿ ಹಾಕಿಕೊಳ್ಳಲು ಆಗಲಿಲ್ಲ.

ಮಳೆಗಾಲ ಮುಗಿದ ಮೇಲೆ ಹಳೆಯ ಚಿತ್ರ ಕಾಪಾಡುವ ನಿಮ್ಮ ತಂಡ ಬರುತ್ತದೆ, ಚಿತ್ರ ಚೆನ್ನಾಗಿ ಉಳಿದಿದ್ದರೆ ಗವಿಗೆ ಬೇಲಿ, ಕಾವಲು ಎಲ್ಲ ಮಾಡಿಸುತ್ತದೆ ಎಂದು ನೀನೇ ಹೇಳಿದ್ದೆ. ಅಲ್ಲಿವರೆಗೆ ಮರಿ ನಿನ್ನ ಜವಾಬ್ದಾರಿ ಅಂತ ಹೇಳಿ ನೀನು ಬಸ್ಸು ಹತ್ತಿದೆ. ಈಗ ಬೂಷ್ಟು ಮರಿಯಿಂದ ಒಂದು ಮೊಳ ದೂರದಲ್ಲಿದೆ. ಇದು ಎಂತದು, ಎಂತ ಮಾಡಬೇಕು, ಬೇಗ ಬರಿ.

ನಿನ್ನ ಅಣ್ಣ
ರವಿಶಂಕರ


ಕ್ಯಾಂಪು, ಮಧ್ಯಪ್ರದೇಶ
16 ಆಗಸ್ಟ್ 2025

ಅಣ್ಣಯ್ಯಾ,

ನಿನ್ನ ಪತ್ರ ಮೊನ್ನೆ ಸಿಕ್ಕಿತು. ಕನಸು ಓದಿ ನಗಲಿಲ್ಲ, ಕಾಲು ತೊಳೆದದ್ದಕ್ಕೆ ಮಾತ್ರ ನಕ್ಕೆ.

ಉಗುಳಿನ ವಿಷಯ ನನಗೆ ಹೇಳಬೇಡ. ನಾನು ಇಲ್ಲಿ ಹದಿನೈದು ದಿನದಿಂದ ಒಂದೇ ಬಂಡೆಯ ಮುಂದೆ ಕೂತು, ಯಾರೋ ಎಣ್ಣೆಬಣ್ಣದಲ್ಲಿ ಬರೆದ ತನ್ನ ಹೆಸರು ಮತ್ತು ಹುಡುಗಿಯ ಹೆಸರನ್ನು ಹತ್ತಿಕಡ್ಡಿಯಲ್ಲಿ ಒರೆಸಿ ತೆಗೆಯುತ್ತಿದ್ದೇನೆ. ಆನೆಯ ಚಿತ್ರದ ಸೊಂಡಿಲಿನ ಮೇಲೇ ಬರೆದಿದ್ದಾನೆ. ಅವರಿಬ್ಬರೂ ಮದುವೆಯಾಗದೆ ಇರಲಿ ಎಂದು ದಿನಾ ಹಾರೈಸುತ್ತೇನೆ.

ನೀನು ಬರೆದ ಲಕ್ಷಣ ನೋಡಿದರೆ ಅದು ಶಿಲೀಂಧ್ರವೇ. ನಮ್ಮ ತೋಟಕ್ಕೆ ಬರುವ ಕೊಳೆಯ ಅಣ್ಣತಮ್ಮ ಅಂದುಕೋ. ಹಸಿ ಹಿಡಿದು, ಗಾಳಿ ಆಡದ ಕಡೆ ಹಬ್ಬುತ್ತದೆ. ಜನ ಒಳಗೆ ಉಸಿರು ಬಿಟ್ಟಷ್ಟೂ ಅದಕ್ಕೆ ಹಬ್ಬ. ಒಮ್ಮೆ ಬಣ್ಣದ ಮೇಲೆ ಕೂತರೆ ಬೇರು ಬಣ್ಣದೊಳಗೆ ಇಳಿಯುತ್ತದೆ, ಆಮೇಲೆ ನಾವು ಅದನ್ನು ತೆಗೆದರೆ ಬಣ್ಣವೂ ಜತೆಗೇ ಬರುತ್ತದೆ. ಮರಿಯ ತನಕ ಬರುವ ಮೊದಲೇ ತಡೆಯಬೇಕು, ತಡ ಮಾಡುವಂತಿಲ್ಲ. ಮುಖ್ಯವಾದದ್ದು ಏನೆಂದರೆ, ಇಲ್ಲಿ ಜೀಪಿನವನು ಹಾರ್ನು ಹೊಡೆಯುತ್ತಿದ್ದಾನೆ. ಇವತ್ತು ಬಿಟ್ಟರೆ ಟಪಾಲು ಮತ್ತೆ ಮುಂದಿನ ವಾರವೇ. ಉಳಿದದ್ದನ್ನು ಇನ್ನೊಂದರಲ್ಲಿ ಬರೆಯುತ್ತೇನೆ.

ಶರಾವತಿ


ಗವಿಕೊಪ್ಪ
26 ಆಗಸ್ಟ್ 2025

ತಂಗಿ,

ನಿನ್ನ ಪತ್ರ ಬಂದ ದಿನವೇ ಎದೆಯ ಮೇಲಿನ ಕಲ್ಲು ಇಳಿಯಿತು. ಹೆಸರಿಲ್ಲದ ರೋಗ ಅಂತ ಹೆದರಿದ್ದೆ. ಕೊಳೆಯ ಅಣ್ಣತಮ್ಮ ಎಂದ ಮೇಲೆ ನಮಗೆ ಗೊತ್ತಿಲ್ಲದ್ದೇನು. ತಡ ಮಾಡಲಿಲ್ಲ. ಭಾನುವಾರವೇ ಔಷಧಿ ಹೊಡೆಸಿದೆ.

ಸಾಗರದಲ್ಲಿ ಮೈಲುತುತ್ತ ಖಾಲಿ, ಬಸ್ಸು ಹತ್ತಿ ಹೊಸನಗರಕ್ಕೆ ಹೋಗಿ ತಂದೆ. ಬಸ್ಸಿನಲ್ಲಿ ಆ ನೀಲಿ ಹರಳಿನ ಪೊಟ್ಟಣ ತೊಡೆಯ ಮೇಲಿಟ್ಟುಕೊಂಡು, ಒಡೆದು ಮೈಗೆ ತಾಗಿದರೆ ಎಂಬ ಹೆದರಿಕೆಯಲ್ಲಿ ದಾರಿಯುದ್ದಕ್ಕೂ ಅಲುಗಾಡಲಿಲ್ಲ. ಒಂದು ಡ್ರಮ್ಮಿಗೆ ತುತ್ತ, ಇನ್ನೊಂದಕ್ಕೆ ಸುಣ್ಣ, ಆಮೇಲೆ ಎರಡೂ ಕೂಡಿಸುವುದು, ನಿನಗೆ ಗೊತ್ತಿದ್ದದ್ದೇ. ಹದ ನೋಡಲು ಕತ್ತಿ ಅದ್ದಿದೆವು. ತುತ್ತ ಹೆಚ್ಚಾಗಿದ್ದರೆ ಕತ್ತಿ ಕೆಂಪಾಗಬೇಕು, ಆಗಲಿಲ್ಲ. ನನಗೆ ನಂಬಿಕೆ ಬರದೆ ಮತ್ತೆ ಅದ್ದಿಸಿದೆ. ಆಗಲೂ ಆಗಲಿಲ್ಲ. ಆದರೂ ಇರಲಿ ಅಂತ ಸುಣ್ಣ ಒಂದು ಹಿಡಿ ಹೆಚ್ಚು ಹಾಕಿಸಿದೆ. ತುತ್ತ ಖಾರವಾಗಿ ಬಣ್ಣ ಸುಡಬಾರದಲ್ಲ. ಅಂಟನ್ನೂ ದುಪ್ಪಟ್ಟು ಹಾಕಿಸಿದೆ. ತೋಟದಲ್ಲಿ ಒಂದು ಜೋರು ಮಳೆಗೆ ಅರ್ಧ ಔಷಧಿ ತೊಳೆದುಹೋಗುತ್ತದೆ, ಇಲ್ಲಿ ಹಾಗಾಗಬಾರದು ಎಂದು.

ಕಾಂತರಾಜ್ ಪಂಪು ಹೊತ್ತು ಒಳಗೆ ಹೋದ. ನಾನು ಬಾಯಿಯಲ್ಲೇ ನಿಂತು ಬ್ಯಾಟರಿ ಬಿಟ್ಟು, ಎಲ್ಲಿ ಎಷ್ಟು ಅಂತ ಹೇಳಿಕೊಟ್ಟೆ. ಅವನ ಬಾಯಿ ಸುಮ್ಮನಿರುತ್ತದಾ. "ಕಲ್ಲಿಗೆ ಔಷಧಿ ಹೊಡ್ಸೋರನ್ನ ಇವತ್ತೇ ಕಂಡಿದ್ದು ರವಿಯಣ್ಣ. ಕೊಯ್ಲಿಗೆ ಎಷ್ಟ್ ಮೂಟೆ ಆಗ್ತದೆ ಇದ್ರಲ್ಲಿ?" ಎಂದ. ಬೂಷ್ಟು ಇದ್ದಲ್ಲಿಗೆ ಮಾತ್ರ ಸಾಕು ಅಂತ ಅವನು. ಕೊಳೆ ಅಂದರೆ ಕಾಣುವುದಕ್ಕಿಂತ ಕಾಣದ್ದೇ ಹೆಚ್ಚು, ಮರಿಗೂ ಹೊಡಿ, ತಲೆಗೂ ಹೊಡಿ ಅಂತ ನಾನು. ಬಾವಲಿಗಳು ಒಮ್ಮೆಲೇ ಎದ್ದು ಹೊರಗೆ ಬಂದವು. ಒಂದು ನನ್ನ ಕೆನ್ನೆಗೆ ಬಡಿದು ಹೋಯಿತು. ಒದ್ದೆ ತೊಗಲಿನ ಹಾಗೆ. ಈಗ ಬರೆಯುವಾಗಲೂ ಆ ಜಾಗ ತುರಿಸುತ್ತಿದೆ.

ಸದ್ಯಕ್ಕೆ ಗೋಡೆ ಎಲ್ಲ ನೀಲಿ ನೀಲಿ. ಒಣಗಿದ ಮೇಲೆ ಕೆಂಪು ಕಾಣುತ್ತದೆ ಅಂತ ಕಾಂತರಾಜ್ ಹೇಳಿದ. ಇನ್ನು ನೀನು ನಿಶ್ಚಿಂತೆಯಿಂದ ಇರು. ನಾನೂ ನಿನ್ನೆ ಬಹಳ ದಿನದ ಮೇಲೆ ಚೆನ್ನಾಗಿ ನಿದ್ದೆ ಮಾಡಿದೆ.

ರವಿಶಂಕರ


ಕ್ಯಾಂಪು
27 ಆಗಸ್ಟ್ 2025

ಅಣ್ಣಯ್ಯಾ,

ಕಳೆದ ಪತ್ರ ಅರ್ಧಕ್ಕೇ ನಿಂತಿತ್ತು. ಮುಖ್ಯವಾದದ್ದು ಏನೆಂದರೆ ಎಂದು ಬರೆದು ಓಡಿದ್ದೆನಲ್ಲ, ಅದು ಇದು: ನಾವು ಬರುವವರೆಗೆ ಯಾರೂ ಗೋಡೆಯನ್ನು ಮುಟ್ಟಬಾರದು. ಒಣ ಬಟ್ಟೆ ಬೇಡ, ಒದ್ದೆ ಬಟ್ಟೆ ಬೇಡ, ಪೊರಕೆ ಬೇಡ. ಚಿತ್ರ ಎದ್ದು ಕಾಣಲಿ ಎಂದು ನೀರು ಎರಚುತ್ತಾರೆ, ಅದೂ ಬೇಡ. ತಡೆಯುವುದು ಎಂದರೆ ಜನರನ್ನು ತಡೆಯುವುದು, ಗಾಳಿ ಆಡಲು ಬಿಡುವುದು, ಅಷ್ಟೇ. ಬೂಷ್ಟು ತಾನಾಗಿ ಒಣಗಿ ಉದುರುವುದೂ ಇದೆ.

ಇನ್ನೊಂದು ಸುದ್ದಿ. ನವೆಂಬರಿನಲ್ಲಿ ತಂಡ ಬರುವುದು ನಿಶ್ಚಯವಾಯಿತು. ನಮ್ಮ ಮುಖ್ಯಸ್ಥರಿಗೆ ಬಸುರಿ ಕಡವೆಯ ಹಳೆಯ ಫೋಟೋ ತೋರಿಸಿದೆ. ತೀರ್ಥಹಳ್ಳಿಯ ಕಾಲೇಜಿನಲ್ಲಿದ್ದಾಗ ರಜೆಗೆ ಬಂದು ತೆಗೆದದ್ದು, ನೀನು ಹೊರಗೆ ಕೊಡೆ ಹಿಡಿದು ನಿಂತಿದ್ದೆಯಲ್ಲ, ಆವತ್ತಿನದು. ಅವರು ಬಹಳ ಹೊತ್ತು ನೋಡಿ, ಇದನ್ನು ಇಷ್ಟು ವರ್ಷ ಯಾರು ಕಾಪಾಡಿದರು ಎಂದು ಕೇಳಿದರು. ನಮ್ಮಣ್ಣ ಎಂದೆ.

ಬೇರೆಯವರಾಗಿದ್ದರೆ ನನಗೆ ಭಯವಿರುತ್ತಿತ್ತು. ನೀನು ಯಾವುದನ್ನೂ ಮುಟ್ಟುವವನಲ್ಲ, ಮುಟ್ಟಿದರೆ ಕೈ ತೊಳೆಯುವವನು. ಗವಿ ಕಾಯಲು ಇದಕ್ಕಿಂತ ಒಳ್ಳೆಯ ಗುಣ ಬೇಕಾ.

ಶರಾವತಿ


ಗವಿಕೊಪ್ಪ
5 ಸೆಪ್ಟೆಂಬರ್ 2025

ತಂಗಿ,

ನಿನ್ನ 27ರ ಪತ್ರ ಇವತ್ತು ಸಿಕ್ಕಿತು. ನನ್ನ 26ರ ಪತ್ರ ನಿನಗೆ ಸಿಕ್ಕಿತಾ? ಸಿಕ್ಕಿಲ್ಲದಿದ್ದರೆ ಸಿಕ್ಕಿದಾಗ ಓದಬೇಡ. ಸಿಕ್ಕಿದ್ದರೆ ಅದರಲ್ಲಿ ಬರೆದದ್ದು ಸ್ವಲ್ಪ ಜಾಸ್ತಿಯಾಯಿತು ಅಂದುಕೋ. ಔಷಧಿ ಹೊಡೆದದ್ದು ನಿಜ, ಆದರೆ ತೆಳುವಾಗಿ. ಗೋಡೆ ಈಗ ಸ್ವಲ್ಪ ಬೆಳ್ಳಗಿದೆ. ಒಳ್ಳೆ ಬಿಸಿಲು ಬಿದ್ದ ದಿನ ಬಾಯಿಯಿಂದ ನೋಡಿದರೆ ಕಡವೆಯ ಕಿವಿ ಕಂಡ ಹಾಗೆ ಆಗುತ್ತದೆ.

ಹೊಟ್ಟೆಗೆ ಏನೂ ಸೇರುತ್ತಿಲ್ಲ. ತುತ್ತದ ವಾಸನೆ ನನ್ನ ಉಗುರಿನಲ್ಲೇ ಇದೆ ಅನ್ನಿಸುತ್ತದೆ. ನಾನು ಪಂಪು ಮುಟ್ಟಲೇ ಇಲ್ಲ, ಆದರೂ ಇದೆ. ಹುಣಸೆಹುಳಿ ಹಾಕಿ ತಿಕ್ಕಿದೆ. ಗ್ಯಾಸು ಆರಿಸಿದೆನೋ ಇಲ್ಲವೋ ಅಂತ ಅಂಗಳದಿಂದ ಎಷ್ಟು ಸಲ ತಿರುಗಿ ಬಂದೆನೋ ಲೆಕ್ಕವಿಲ್ಲ.

ನಿಮ್ಮ ಮುಖ್ಯಸ್ಥರಿಗೆ ನನ್ನ ಹೆಸರು ಹೇಳಬೇಕಾಗಿರಲಿಲ್ಲ.

ರವಿಶಂಕರ


ಕ್ಯಾಂಪು
10 ಸೆಪ್ಟೆಂಬರ್ 2025

ನಿನ್ನ ಎರಡೂ ಪತ್ರ ಒಂದೇ ದಿನ ಬಂದವು. ಮೊದಲನೆಯದನ್ನು ಓದಿ ಹೊರಗೆ ಹೋಗಿ ವಾಂತಿ ಮಾಡಿದೆ. ಎರಡನೆಯದನ್ನು ಓದಿದಾಗ ಅದೂ ಬರಲಿಲ್ಲ.

ಸ್ವಲ್ಪ ಬೆಳ್ಳಗಿದೆ ಎಂದರೆ ಏನು? ಸುಣ್ಣ ಒಂದು ಹಿಡಿ ಹೆಚ್ಚು, ಅಂಟು ದುಪ್ಪಟ್ಟು. ನೀನೇ ಬರೆದದ್ದು. ಸುಣ್ಣ ಗಾಳಿ ಕುಡಿದು ಕಲ್ಲಾಗುತ್ತದೆ. ಅಂಟು ಅದನ್ನು ಹಿಡಿದಿಡುತ್ತದೆ. ನನ್ನ ಹತ್ತಿಕಡ್ಡಿಗಳಿಂದ ಹತ್ತು ವರ್ಷ ಕೂತರೂ ಬರುವುದಿಲ್ಲ. ಸಾವಿರಾರು ವರ್ಷ ಹುಲಿ, ಬಾವಲಿ, ಮಳೆ ಯಾವುದೂ ಮಾಡದ್ದನ್ನು ಒಂದು ಭಾನುವಾರ ಮಾಡಿ, ಚೆನ್ನಾಗಿ ನಿದ್ದೆ ಬಂತು ಎಂದು ಬರೆದೆಯಲ್ಲ. ಅಲ್ಲಿ ಉಗುಳಿ ಹೋಗುವವನ ಬಗ್ಗೆ ನನಗೆ ಇಷ್ಟು ಅಸಹ್ಯ ಆಗಿರಲಿಲ್ಲ. ಅವನಿಗೆ ಅದು ಏನೆಂದೇ ಗೊತ್ತಿಲ್ಲ.

ಇನ್ನು ಬರೆಯಬೇಡ.

ಶ.


ಗವಿಕೊಪ್ಪ
24 ಸೆಪ್ಟೆಂಬರ್ 2025

ತಂಗಿ,

ಬರೆಯಬೇಡ ಎಂದೆ. ಆದರೆ ಇದನ್ನು ನಿನಗೆ ತಿಳಿಸದಿದ್ದರೆ ನಾನು ಇನ್ನೂ ಒಂದು ಮುಚ್ಚಿಟ್ಟ ಹಾಗಾಗುತ್ತದೆ.

ನಿನ್ನೆ ಹುಲಿಯಮ್ಮ ಸಿಕ್ಕಿದಳು. ಅದೇ, ಗವಿಯ ಕೆಳಗಿನ ಮನೆಯವಳು, ಮದುವೆ ಬಂದರೆ ಊರವರ ಗೋಡೆಗೆಲ್ಲ ಚಿತ್ತಾರ ಬರೆದು ಕೊಡುವ ಮುದುಕಿ. ಗವಿಯ ಬಾಯಿಯಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. ನನ್ನನ್ನು ಕಂಡು, "ಎಂತ ಮಾಡ್ಸಿಟ್ರಿ ಹೆಗಡೇರೆ ಇದು? ಹೆಣಕ್ಕೆ ಬಟ್ಟೆ ಹೊಚ್ಚಿದಂಗೆ" ಅಂದಳು. ಬೂಷ್ಟು ಬಂದಿತ್ತು, ಅದಕ್ಕೆ ಔಷಧಿ ಎಂದೆ. ಅವಳು ನನ್ನನ್ನೇ ನೋಡಿದಳು. "ನಂಗೊಂದ್ ಮಾತು ಕೇಳಿದ್ರಾ? ಪಂಚಮಿ ದಿನ ನಾನೇ ಹಾಲೆರ್ದಿದ್ದು. ಆ ಹಿಂಗಾಲಿನ ಹತ್ರ ಹಾವಿನಂಗೆ ಒಂದ್ ಗೆರೆ ಐತಲ್ಲ, ಅಲ್ಲಿಗೆ. ವರ್ಷಾ ಎರೀತೀನಿ. ಹಾಲು ಹಳಸಿದ್ರೆ ಬೂಷ್ಟು ಬರ್ದೆ ಇನ್ನೆಂತ ಬರ್ತದೆ? ಗೌರಿಹಬ್ಬ ಕಳೀತಿದ್ದಂಗೆ ಒಣ್ಗಿ ಬಿದ್ದೋಗ್ತಿತ್ತು."

ಹುಳಿ ವಾಸನೆ ಎಂದು ನಿನಗೆ ಬರೆದಿದ್ದೆನಲ್ಲ. ಅದು ಹಾಲು. ಕೊಳೆಯೂ ಅಲ್ಲ, ಅದರ ಅಣ್ಣತಮ್ಮನೂ ಅಲ್ಲ. ಒಂದು ಸೌಟು ಹಳಸಿದ ಹಾಲಿಗೆ ನಾನು ಇಡೀ ಗೋಡೆಯನ್ನು ಹೂತೆ. ಹಳಸಿದ ಹಾಲಿನ ವಾಸನೆ ಗೊತ್ತಾಗದ ಮೂಗು ಇಟ್ಟುಕೊಂಡು ಊರಿಗೆಲ್ಲ ಉಪ್ಪಿನಕಾಯಿ ಮಾರುತ್ತೇನೆ. ಎರಡು ಹೆಜ್ಜೆ ಒಳಗೆ ಹೋಗಿದ್ದರೆ ಗೊತ್ತಾಗುತ್ತಿತ್ತು. ಹಿಕ್ಕೆ ಕಾಲಿಗೆ ತಾಗುತ್ತದೆ ಅಂತ ಹೋಗಲಿಲ್ಲ.

ಮುದುಕಿ ಇಳಿದು ಹೋಗುವಾಗ, "ನಿಮ್ ತಂಗಿಗೆ ಹೇಳಿದ್ರಾ?" ಎಂದು ಕೇಳಿದಳು. ಹೂಂ ಎಂದೆ. "ಪಾಪ" ಅಂದಳು. ಯಾರಿಗೆ ಅಂದಳೋ.

ರವಿಶಂಕರ


ಗವಿಕೊಪ್ಪ
9 ಅಕ್ಟೋಬರ್ 2025

ತಂಗಿ,

ಉತ್ತರ ಬರಲಿಲ್ಲ. ಬರುವುದಿಲ್ಲ ಅಂತ ಗೊತ್ತಿದೆ, ಆದರೂ ಟಪಾಲಿನವನ ದಾರಿ ನೋಡುತ್ತೇನೆ.

ಮೊನ್ನೆ ನಾನು ಸಾಗರಕ್ಕೆ ಹೋಗಿದ್ದಾಗ ಕಾಂತರಾಜ್ ಲಿಂಬೆಹಣ್ಣು ತಂದು ಒಂದು ಮೂಲೆ ಉಜ್ಜಿದ್ದಾನೆ. ಜೀಪಿಗೆ ಜನ ಬರುತ್ತಿಲ್ಲ ಎಂದು. ಔಷಧಿಯ ಪೊರೆ ಹೋಯಿತು, ಕೆಂಪೂ ಹೋಯಿತು. ಅಂಗೈಯಗಲ ಬರೀ ಕಲ್ಲು. ಪುಣ್ಯಕ್ಕೆ ಅದು ಕಡವೆ ಅಲ್ಲ, ಅದರ ಹಿಂದೆ ಓಡುವ ಮನುಷ್ಯನ ಕಾಲು. ನಾನು ಜೀವನದಲ್ಲಿ ಮೊದಲ ಸಲ ಒಬ್ಬನ ಕೊರಳಪಟ್ಟಿ ಹಿಡಿದೆ. ಅವನು ಕೊಸರಿಕೊಳ್ಳಲೂ ಇಲ್ಲ. "ನಿಮ್ ಮುಖ ನೋಡಕಾಗ್ದೆ ಉಜ್ಜಿದ್ದು ರವಿಯಣ್ಣ" ಎಂದ. ಅವನ ಕೈಯಿಂದ ಲಿಂಬೆ ಮತ್ತು ತುತ್ತದ ನೀಲಿ ಲೋಳೆ ನನ್ನ ಅಂಗಿಗೆ ಮೆತ್ತಿತು.

ಆವತ್ತಿನಿಂದ ಒಳಗೇ ಕೂರುತ್ತಿದ್ದೇನೆ. ಮಧ್ಯಾಹ್ನದ ಬುತ್ತಿಯೂ ಅಲ್ಲೇ. ಮೊದಲ ದಿನ ತುತ್ತು ಇಳಿಯಲಿಲ್ಲ. ಮೇಲಿನಿಂದ ಹಿಕ್ಕೆ ಬೀಳುತ್ತಲೇ ಇರುತ್ತದೆ. ಈಗ ಬುತ್ತಿಯ ಮೇಲೆ ಅಡಿಕೆಹಾಳೆಯ ಟೊಪ್ಪಿ ಮುಚ್ಚಿಟ್ಟುಕೊಂಡು ಉಣ್ಣುತ್ತೇನೆ.

ಎಂತ ಮಾಡವು ಹೇಳಿ ಗೊತ್ತಾಗ್ತಿಲ್ಲೆ ಕೂಸೆ.

ರವಿಶಂಕರ


ಕ್ಯಾಂಪು
30 ಅಕ್ಟೋಬರ್ 2025

ಅಣ್ಣಯ್ಯಾ,

ಬರೆಯಬಾರದು ಎಂದೇ ಇದ್ದೆ. ಹಾಲಿನ ವಿಷಯ ಓದಿದ ಮೇಲೂ ಬರೆಯಲಿಲ್ಲ. ಆ ಪತ್ರವನ್ನು ಮಡಚಿಟ್ಟು ನನ್ನ 16ರ ಪತ್ರದಲ್ಲಿ ಏನು ಬರೆದಿದ್ದೆ ಎಂದು ನೆನಪಿಸಿಕೊಂಡೆ. ಕೊಳೆಯ ಅಣ್ಣತಮ್ಮ. ತಡ ಮಾಡುವಂತಿಲ್ಲ. ಅಡಿಕೆ ಬೆಳೆಯುವವರ ಮನೆಯಲ್ಲಿ ಹುಟ್ಟಿ, ಕೊಳೆ ಎಂದ ಕೂಡಲೇ ನಮ್ಮವರ ಕೈ ಯಾವುದರ ಕಡೆ ಹೋಗುತ್ತದೆ ಎಂಬುದನ್ನು ಮರೆತವಳು ನಾನು. ಹುಳಿ ವಾಸನೆ ಎಂದು ನೀನು ಸ್ಪಷ್ಟವಾಗಿ ಬರೆದಿದ್ದೆ. ಬಾಯಿಯಲ್ಲೇ ನಿಂತು ನೋಡಿದೆ ಎಂದೂ ಬರೆದಿದ್ದೆ. ನಾನು ಅವೆರಡನ್ನೂ ದಾಟಿ ಓದಿದೆ. ನಿನ್ನ ಕ್ಷಮೆ ಕೇಳುವಷ್ಟು ಸಿಟ್ಟು ಇನ್ನೂ ಇಳಿದಿಲ್ಲ. ಇದು ಇಷ್ಟಿರಲಿ.

ತಂಡ ಬರುವುದಿಲ್ಲ. ಮುಖ್ಯಸ್ಥರಿಗೆ ನಾನೇ ಹೇಳಬೇಕಾಯಿತು. ಮರುದಿನ ಊಟದ ಡೇರೆಯಲ್ಲಿ ಅದು ಎಲ್ಲರಿಗೂ ಗೊತ್ತಾಗಿತ್ತು. ನಿಮ್ಮ ಊರಲ್ಲಿ ಜಿಂಕೆಗೂ ಔಷಧಿ ಹೊಡೆಯುತ್ತಾರಂತೆ ಎಂದು ಒಬ್ಬ ನಗಾಡಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಬಾಯಲ್ಲಿದ್ದ ರೊಟ್ಟಿ ಬಾಯಲ್ಲೇ ಇತ್ತು. ಅದನ್ನು ಉಗುಳಬೇಕು ಅನ್ನಿಸಿತು, ನುಂಗಿದೆ. ನಿನ್ನ ಮೇಲಿನ ಅಸಹ್ಯ ಆ ತುತ್ತಿನ ಮುಂದೆ ಏನೂ ಅಲ್ಲ.

ನೀನು ನನ್ನನ್ನು ದೊಡ್ಡ ಆಫೀಸರು ಎಂದು ಊರವರಿಗೆಲ್ಲ ಹೇಳಿದ್ದೀಯ. ನಾನು ಗುತ್ತಿಗೆಯವಳು ಅಣ್ಣಯ್ಯ. ಮಾರ್ಚಿಗೆ ಮುಗಿಯುತ್ತದೆ. ನನ್ನ ಮಾತಿಗೆ ಒಂದು ಗವಿಗೆ ಬೇಲಿ ಬರುವುದಿಲ್ಲ. ಬರುತ್ತಿದ್ದರೆ ಆ ಮರಿಯ ಫೋಟೋದಿಂದ ಬರುತ್ತಿತ್ತು.

ಆದರೂ ಇವತ್ತು ಮುಖ್ಯಸ್ಥರನ್ನು ಮತ್ತೆ ಕೇಳಿದೆ. ಒಂದು ಮಾತು ಹೇಳಿದರು. ಇಂಥ ಕಲ್ಲಿನಲ್ಲಿ ಕೆಲವೊಮ್ಮೆ ಬಣ್ಣ ಒಳಗೇ ಇಳಿದಿರುತ್ತದೆ. ಲಿಂಬೆಯ ಹಾಗೆ ಹುಳಿ ಹಾಕಿ ಉಜ್ಜಿದರೆ ಹೋಗುತ್ತದೆ, ಆದರೆ ಸುಣ್ಣದ ಪೊರೆ ತಾನಾಗಿ ಬಿಟ್ಟು ಬಂದರೆ ಕೆಳಗೆ ಉಳಿದಿರಲೂಬಹುದು. ಉಳಿದಿದೆ ಎಂಬುದಕ್ಕೆ ಒಂದು ಗುರುತು ಸಿಕ್ಕಿದರೆ, ಒಂದೇ ಒಂದು ಗೆರೆ ಸಾಕು, ಮಾರ್ಚಿನೊಳಗೆ ತಾವೇ ಬಂದು ನೋಡುತ್ತಾರಂತೆ. ಕಲ್ಲಿನಲ್ಲಿ ತಾನಾಗಿ ಇರುವ ಕೆಂಪು ಎಳೆ ಅಲ್ಲ, ಬರೆದ ಗೆರೆ.

ಕೆರೆಯಬೇಡ. ಊದಬೇಡ. ತಾನಾಗಿ ಉದುರಿದರೆ ಮಾತ್ರ ನೋಡು. ಹಳೆಯ ಫೋಟೋ ನನ್ನ ಹತ್ತಿರವೇ ಇದೆ, ಡೇರೆಯ ಕಂಬಕ್ಕೆ ಅಂಟಿಸಿದ್ದೇನೆ.

ನಿಜವಾಗಲೂ ಒಳಗೆ ಕೂತು ಉಣ್ಣುತ್ತಿದ್ದೀಯಾ?

ಶರಾವತಿ


ಗವಿಕೊಪ್ಪ
18 ನವೆಂಬರ್ 2025

ತಂಗಿ,

ಹೌದು, ಒಳಗೇ ಉಣ್ಣುತ್ತೇನೆ. ಅಸಹ್ಯ ಹೋಗಿಲ್ಲ. ಆದರೆ ಪ್ರತಿದಿನ ಬೆಳಿಗ್ಗೆ ಅದು ಸ್ವಲ್ಪ ಇಳಿಯುವವರೆಗೆ ಗವಿಯ ಬಾಯಿಯಲ್ಲಿ ನಿಂತು, ಆಮೇಲೆ ಹೋಗಿ ಕೂರುವುದನ್ನು ಕಲಿತಿದ್ದೇನೆ.

ಜನ ಬರುವುದು ನಿಂತಿದೆ. ನೋಡಲು ಏನೂ ಇಲ್ಲವಲ್ಲ. ಒಂದು ಜೀಪು ಬಂತು, ಒಬ್ಬ ತಲೆ ಹಾಕಿ, "ಏನೋ ಇದು, ಸುಣ್ಣ ಹೊಡ್ದಿದಾರೆ" ಅಂತ ಕಾಂತರಾಜನಿಗೆ ಬೈದು ಹೋದ. ಉಚ್ಚೆಯ ವಾಸನೆ ಕಡಿಮೆಯಾಗಿದೆ. ಚಿತ್ರ ಕಾಣುವಾಗ ಬೇಲಿ ಇರಲಿಲ್ಲ. ಕಾಣದ ಮೇಲೆ ಬೇಲಿಯೇ ಬೇಡ. ಇದನ್ನು ಯೋಚಿಸಿದರೆ ಇನ್ನೂ ಹೇಸಿಗೆಯಾಗುತ್ತದೆ, ಯಾರ ಮೇಲೆ ಅಂತ ಗೊತ್ತಾಗುವುದಿಲ್ಲ.

ಇನ್ನು ನೀನು ಕೇಳಿದ ವಿಷಯ. ನಿನ್ನ ಪತ್ರ ಬಂದ ಮೇಲೆ ಗೋಡೆಯ ಬುಡಕ್ಕೆ ಉದ್ದಕ್ಕೂ ಅಡಿಕೆಹಾಳೆ ಬಿಡಿಸಿ ಹಾಸಿದೆ, ಉದುರಿದ್ದು ಹಿಕ್ಕೆಯಲ್ಲಿ ಕಳೆದುಹೋಗದಿರಲಿ ಎಂದು. ಈಗ ಒಣಗಾಳಿ ಶುರುವಾಗಿದೆ. ಮೊನ್ನೆ ಶನಿವಾರ ನಾನು ಉಣ್ಣುತ್ತಿದ್ದಾಗ ಟಪ್ ಎಂದು ಸದ್ದಾಯಿತು. ಬಾವಲಿಯದ್ದು ಅಂದುಕೊಂಡೆ. ನೋಡಿದರೆ ಹಾಳೆಯ ಮೇಲೆ ಪೊರೆಯ ಒಂದು ಚಕ್ಕೆ, ಹಪ್ಪಳದ ಚೂರಿನಷ್ಟು. ನಾನು ಮುಟ್ಟಲಿಲ್ಲ, ಊದಲಿಲ್ಲ. ಅನ್ನದ ಕೈಯಲ್ಲೇ ಹಾಗೇ ಕೂತಿದ್ದೆ. ಕೈ ಒಣಗಿ ಬಿಗಿದುಕೊಂಡಿತು.

ಚಕ್ಕೆಯ ಒಳಮೈ ಬೆಳ್ಳಗಿದೆ. ಕೆಂಪು ಅದಕ್ಕೆ ಅಂಟಿಕೊಂಡು ಬಂದಿಲ್ಲ. ಅದು ಬಿಟ್ಟ ಜಾಗದಲ್ಲಿ, ಕಲ್ಲಿನ ಮೇಲೆ, ಒಂದು ಕೆಂಪು ಗೆರೆ ಇದೆ. ಕಿರುಬೆರಳಿನ ಉದ್ದ. ಕಡವೆಯ ಮುಂಗಾಲು ಎಲ್ಲಿತ್ತು ಎಂಬುದಕ್ಕೆ ಮೇಲಿನ ಬಂಡೆಯ ಬಿರುಕು ನನಗೆ ಗುರುತು. ಅದರಿಂದ ಅಳೆದರೆ ಈ ಗೆರೆ ಹೊಟ್ಟೆಯೊಳಗೇ ಬೀಳುತ್ತದೆ. ಮರಿಯ ಮುಂಗಾಲು ಇರಬೇಕಾದ ಜಾಗ.

ಕಾಂತರಾಜನನ್ನು ಕರೆದು ತೋರಿಸಿದೆ. "ಕಲ್ಲಿನ ಎಳೆ ಅಣ್ಣ, ಇಂಥದ್ದು ಕ್ವಾರಿಲಿ ಬೇಕಾದಷ್ಟ್ ಇರ್ತದೆ" ಎಂದ. ಹುಲಿಯಮ್ಮ ಹತ್ತಿರ ಹೋಗಿ ನೋಡಿ, "ಕೈಯಿ ನಡುಗದೆ ಎಳೆದಿದ್ದು ಇದು" ಅಂದಳು. ಅವಳು ಗೆರೆ ಎಳೆಯುವವಳು, ಅವಳಿಗೆ ಹಾಗೆ ಕಾಣುತ್ತದೆ. ಅವನು ಜೀಪು ಓಡಿಸಿ ಸೋತವನು, ಅವನಿಗೆ ಹಾಗೆ. ನನ್ನ ಕಣ್ಣನ್ನು ನಾನೇ ನಂಬುವುದಿಲ್ಲ. ಹಾಲನ್ನು ಕೊಳೆ ಅಂತ ಕಂಡ ಕಣ್ಣು ಇದು. ಬೇಕು ಬೇಕು ಅನ್ನುತ್ತಿರುವವನಿಗೆ ಬಿರುಕೂ ಕಾಲಾಗಿ ಕಾಣುತ್ತದೆ.

ಅದಕ್ಕೆ ಒಂದು ಯೋಚನೆ ಮಾಡಿದೆ. ನನ್ನ ನೆನಪಿನಲ್ಲಿ ಮರಿಯ ಮುಂಗಾಲು ಒಂದು ದಿನ ಮಡಚಿರುತ್ತದೆ, ಇನ್ನೊಂದು ದಿನ ಚಾಚಿರುತ್ತದೆ. ನಿನ್ನ ಫೋಟೋ ಹಾಗೆ ಬದಲಾಗುವುದಿಲ್ಲ. ಕಲ್ಲಿನ ಮೇಲಿನ ಗೆರೆ ನೇರವಾಗಿದೆಯೋ ಬಾಗಿದೆಯೋ ಅಂತ ನಾನು ಇಲ್ಲಿ ಬೇಕೆಂದೇ ಬರೆದಿಲ್ಲ. ಬರೆದರೆ ನೀನು ನನ್ನ ಮೇಲಿನ ಕನಿಕರಕ್ಕೆ, ಇಲ್ಲವೇ ಮಾರ್ಚಿನ ಆಸೆಗೆ, ಫೋಟೋದಲ್ಲೂ ಹಾಗೇ ಇದೆ ಅಂದುಬಿಡಬಹುದು. ನಿನ್ನ ಉತ್ತರ ಬಂದ ಮೇಲೆ ನಾನೂ ಮಾತು ಬದಲಿಸಬಾರದು. ಅದಕ್ಕೆ ಹುಲಿಯಮ್ಮನ ಜಗಲಿಯ ಗೋಡೆಯ ಮೇಲೆ ಅವಳ ಕೈಯಿಂದಲೇ ಆ ಗೆರೆ ಇದ್ದ ಹಾಗೆ ಬರೆಸಿಟ್ಟಿದ್ದೇನೆ. ಅದನ್ನು ಅಳಿಸಿದರೆ ಮುದುಕಿ ನನ್ನ ಕೈ ಮುರಿಯುತ್ತಾಳೆ.

ನೀನು ಸಿಟ್ಟನ್ನು ಇಟ್ಟುಕೊಂಡೇ ಇರು. ಸಿಟ್ಟಿನ ಕಣ್ಣಿಗೆ ಸರಿಯಾಗಿ ಕಾಣುತ್ತದೆ. ಹಗಲು ಬೆಳಕಿನಲ್ಲಿ ಡೇರೆಯ ಹೊರಗೆ ತಂದು ನೋಡು: ಮರಿಯ ಮುಂಗಾಲು ಮಡಚಿದೆಯೋ, ಚಾಚಿದೆಯೋ. ಕಂಡದ್ದನ್ನು ಕೂಡಲೇ ಬರೆಯಬೇಡ. ಫೋಟೋ ಕೆಳಗಿಟ್ಟು, ಕೈ ತೊಳೆದು ಬಂದು, ಇನ್ನೊಂದು ಸಲ ನೋಡಿ ಬರಿ.

ನಿನ್ನ ಅಣ್ಣ
ರವಿಶಂಕರ